‘ಮನೆಯಲ್ಲೇ ಇರಿ’ ಅಂದಾಕೆ ಮನೆಯಲ್ಲಿ ಕೂರಲಿಲ್ಲ



ಮಹಿಳಾ ದಿನ ಮುಗಿದು ಮೂರು ದಿನ ಆಯ್ತು. ಸ್ಟುಡಿಯೋದಲ್ಲಿ ಕಟ್ಟಿದ್ದ ಗುಲಾಬಿ ಬಣ್ಣದ ಬಲೂನುಗಳನ್ನ ಬಿಚ್ಚಿದ್ದಾಯ್ತು, ನಮಗೆಲ್ಲ ಹಂಚಿದ ಕೇಕ್ ತಿಂದಿದ್ದೂ ಆಯ್ತು. ಇನ್ನು ಮುಂದಿನ ಮಾರ್ಚ್ ಎಂಟರವರೆಗೆ ಆ ವಿಷಯ ಯಾರೂ ಎತ್ತಲ್ಲ. ನಾನು ಮಾತ್ರ ಇವತ್ತು ಎತ್ತಬೇಕಾಗಿದೆ. ಯಾಕಂದ್ರೆ ಆ ದಿನ ಇದೇ ಕುರ್ಚಿಯಲ್ಲಿ ಕೂತು ನಾನೊಂದು ತಪ್ಪು ಮಾಡಿದೆ.

ಅವತ್ತಿನ ಚರ್ಚೆಗೆ ಒಬ್ಬರು ಡಾಕ್ಟರ್ ಬಂದಿದ್ರು, ಒಬ್ಬರು ಪೊಲೀಸ್ ಅಧಿಕಾರಿ, ಇನ್ನೊಬ್ಬರು ಸ್ವಂತ ಕಂಪನಿ ಕಟ್ಟಿದ ಹುಡುಗಿ. ಮಧ್ಯದಲ್ಲಿ ಒಂದು ಫೋನ್ ಕರೆ ಬಂತು. ‘ಏನು ಕೆಲಸ ಮಾಡ್ತೀರಮ್ಮ?’ ಅಂತ ಕೇಳಿದೆ. ‘ಏನೂ ಇಲ್ಲ ಮೇಡಂ, ಸುಮ್ನೆ ಮನೇಲೇ ಇದೀನಿ’ ಅಂದ್ರು. ನಾನು ‘ಸರಿ, ಸರಿ’ ಅಂದು ಬ್ರೇಕ್‌ಗೆ ಹೋದೆ. ಬ್ರೇಕ್ ಮುಗಿಯೋಷ್ಟರಲ್ಲಿ ಆ ಲೈನ್ ಕಟ್ ಆಗಿತ್ತು.

ರಾತ್ರಿ ಅಮ್ಮ ಊರಿಂದ ಫೋನ್ ಮಾಡಿದಳು. ಕಾರ್ಯಕ್ರಮ ಚೆನ್ನಾಗಿತ್ತು ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನಂಥೋರು ಯಾರೂ ಇರ್ಲಿಲ್ವಲ್ಲ ಪುಟ್ಟಿ’ ಅಂದಳು. ನನ್ನ ಇಂಜಿನಿಯರಿಂಗ್ ನಾಲ್ಕು ವರ್ಷವೂ ಬೆಳಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟಿದವಳು ಅವಳು. ನನಗೆ ಉತ್ತರ ಹೊಳೀಲಿಲ್ಲ.

ಆಗ ನೆನಪಾದ ಹೆಸರು ಫಿಲಿಸ್ ಶ್ಲಾಫ್ಲಿ. ಅಮೆರಿಕದ ಬಲಪಂಥೀಯ ರಾಜಕೀಯ ವಿಶ್ಲೇಷಕಿ, ವಕೀಲೆ, ಆರು ಮಕ್ಕಳ ತಾಯಿ. ಈಕೆಯ ಎಷ್ಟೋ ಅಭಿಪ್ರಾಯಗಳನ್ನ ನಾನು ಒಪ್ಪಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಆದರೆ ಅಮ್ಮನ ಆ ಒಂದು ಮಾತಿನ ಹಿಂದೆ ಎಷ್ಟು ದೊಡ್ಡ ಶಕ್ತಿ ಇದೆ ಅನ್ನೋದು ಎಲ್ಲರಿಗಿಂತ ಮೊದಲು ಅರ್ಥವಾಗಿದ್ದು ಈಕೆಗೆ. ಆ ಶಕ್ತಿಯನ್ನ ಇಟ್ಟುಕೊಂಡು ಈಕೆ ಅಮೆರಿಕದ ಸಂವಿಧಾನಕ್ಕೆ ಬರಬೇಕಿದ್ದ ಒಂದು ತಿದ್ದುಪಡಿಯನ್ನೇ ತಡೆದು ನಿಲ್ಲಿಸಿದರು.

ಹುಟ್ಟಿದ್ದು 1924ರಲ್ಲಿ, ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದಲ್ಲಿ. ತಾರೀಖು ಆಗಸ್ಟ್ 15. ನಮಗೆ ಮರೆಯೋಕೆ ಆಗದ ತಾರೀಖು ಬಿಡಿ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ತಂದೆಯ ಕೆಲಸ ಹೋಯ್ತು. ಆಗ ಮನೆ ನಡೆಸಿದ್ದು ತಾಯಿ, ದುಡಿದು. ಮುಂದೆ ಆ ತಾಯಿ ಸೇಂಟ್ ಲೂಯಿಸ್ ಕಲಾ ಮ್ಯೂಸಿಯಂನಲ್ಲಿ ಲೈಬ್ರರಿಯನ್ ಆಗಿದ್ದರು. ಹೆಂಗಸಿಗೆ ಮನೆಯೇ ಒಳ್ಳೆಯದು ಅಂತ ಜೀವನಪೂರ್ತಿ ವಾದ ಮಾಡಿದಾಕೆ ಬೆಳೆದಿದ್ದು ಹೊರಗೆ ದುಡಿದ ತಾಯಿಯ ಸಂಬಳದಲ್ಲಿ.

ಈಕೆಯೂ ದುಡಿದರು. ಎರಡನೇ ಮಹಾಯುದ್ಧದ ಸಮಯದಲ್ಲಿ ಸೇಂಟ್ ಲೂಯಿಸ್‌ನ ಮದ್ದುಗುಂಡು ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಕೆಲಸ ಏನು ಗೊತ್ತಾ? ತಯಾರಾದ ಗುಂಡುಗಳು ಸರಿಯಾಗಿವೆಯಾ ಅಂತ ರೈಫಲ್, ಮೆಷಿನ್‌ಗನ್‌ಗಳಲ್ಲಿ ಹಾಕಿ ಹಾರಿಸಿ ನೋಡೋದು. ನಮ್ಮ ಭಾಷೆಯಲ್ಲಿ ಕ್ವಾಲಿಟಿ ಟೆಸ್ಟಿಂಗ್. ರಾತ್ರಿ ಗುಂಡು ಹಾರಿಸಿ ಬೆಳಗ್ಗೆ ಕಾಲೇಜು. ಹಾಗೆ ಓದಿ 1944ರಲ್ಲಿ ವಾಷಿಂಗ್ಟನ್ ಯೂನಿವರ್ಸಿಟಿಯಿಂದ ಪದವಿ, ಮರುವರ್ಷವೇ ರ‍್ಯಾಡ್‌ಕ್ಲಿಫ್ ಕಾಲೇಜಿನಿಂದ ಎಂ.ಎ. 1949ರಲ್ಲಿ ತನಗಿಂತ ಹದಿನೈದು ವರ್ಷ ದೊಡ್ಡವರಾದ ವಕೀಲ ಫ್ರೆಡ್ ಶ್ಲಾಫ್ಲಿ ಜೊತೆ ಮದುವೆಯಾಗಿ, ಇಲಿನಾಯ್ ರಾಜ್ಯದ ಆಲ್ಟನ್ ಅನ್ನೋ ಊರಿಗೆ ಬಂದರು.

ಗೃಹಿಣಿ ಅಂತ ತಮ್ಮನ್ನ ಕರೆದುಕೊಂಡರು. ಆ ಗೃಹಿಣಿ 1952ರಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಗೆ ಸ್ಪರ್ಧಿಸಿ ಸೋತರು. 1970ರಲ್ಲಿ ಮತ್ತೆ ನಿಂತು ಮತ್ತೆ ಸೋತರು. ಆ ಎರಡನೇ ಚುನಾವಣೆಯಲ್ಲಿ ಎದುರಾಳಿ, ಹೆಂಗಸಿನ ಜಾಗ ಮನೆ ಅನ್ನೋ ಧಾಟಿಯಲ್ಲಿ ಪ್ರಚಾರ ಮಾಡಿದ್ದರು. ಅದಕ್ಕೆ ಶ್ಲಾಫ್ಲಿ ಕೊಟ್ಟ ತಿರುಗೇಟು ಕನ್ನಡದಲ್ಲೇ ಹೆಚ್ಚು ಚೆನ್ನಾಗಿ ಕೂರುತ್ತೆ. ನನ್ನ ಗಂಡನೂ ಅದನ್ನೇ ಹೇಳ್ತಾರೆ, ಹೆಂಗಸಿನ ಜಾಗ ಮನೆಯೇ. ಆದರೆ ಅದು ಕೆಳಮನೆ!

ಇವೆರಡರ ನಡುವೆ 1964ರಲ್ಲಿ ಒಂದು ಪುಸ್ತಕ ಬರೆದರು, ‘ಎ ಚಾಯ್ಸ್ ನಾಟ್ ಆ್ಯನ್ ಎಕೋ’. ಪ್ರಕಾಶಕರಿಗೆ ಕಾಯಲಿಲ್ಲ, ತಾವೇ ಅಚ್ಚು ಹಾಕಿಸಿದರು. ರಿಪಬ್ಲಿಕನ್ ಪಕ್ಷವನ್ನ ಕೆಲವೇ ಪ್ರಭಾವಿಗಳು ಹಿಂದಿನಿಂದ ಆಡಿಸ್ತಿದ್ದಾರೆ ಅನ್ನೋದು ಅದರ ಆರೋಪ. 30 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯ್ತು. ಬ್ಯಾರಿ ಗೋಲ್ಡ್‌ವಾಟರ್‌ಗೆ ಪಕ್ಷದ ಟಿಕೆಟ್ ಸಿಗೋದರಲ್ಲಿ ಆ ಪುಸ್ತಕದ ಪಾಲು ದೊಡ್ಡದು. ಗೋಲ್ಡ್‌ವಾಟರ್ 50ರಲ್ಲಿ 44 ರಾಜ್ಯ ಕಳಕೊಂಡು ಹೀನಾಯವಾಗಿ ಸೋತರು, ಅದು ಬೇರೆ ವಿಷಯ. ಮುಂದೆ 1967ರಲ್ಲಿ ಪಕ್ಷದ ಮಹಿಳಾ ಸಂಘಟನೆಯ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಅಲ್ಲೂ ಸೋಲು. ನಮ್ಮಲ್ಲಾದರೆ ಇಷ್ಟು ಸಲ ಸೋತವರನ್ನ ಪಕ್ಷ ಯಾವುದಾದರೂ ನಿಗಮಕ್ಕೆ ಕಳಿಸಿ ಕೈ ತೊಳೆದುಕೊಳ್ಳುತ್ತೆ. ಈಕೆ ತಮಗೆ ಓಟು ಹಾಕಿದ್ದ ಹೆಂಗಸರ ವಿಳಾಸ ಇಟ್ಟುಕೊಂಡು ತಿಂಗಳಿಗೊಂದು ಪತ್ರಿಕೆ ಶುರು ಮಾಡಿದರು. ನಾಲ್ಕೇ ಪುಟ. ‘ಫಿಲಿಸ್ ಶ್ಲಾಫ್ಲಿ ರಿಪೋರ್ಟ್’ ಅಂತ ಹೆಸರು. ಆಕೆಯ ನಿಜವಾದ ಚಾನೆಲ್ ಅದೇ. ಅರ್ಧ ಶತಮಾನ ನಡೀತು.

ಈಗ ಆ ತಿದ್ದುಪಡಿಗೆ ಬರ್ತೀನಿ. ಹೆಸರು ಸಮಾನ ಹಕ್ಕುಗಳ ತಿದ್ದುಪಡಿ, ಅಮೆರಿಕದಲ್ಲಿ ಇ.ಆರ್.ಎ. ಅಂತಾರೆ. ಮುಖ್ಯ ವಾಕ್ಯ ಒಂದೇ. ಲಿಂಗದ ಕಾರಣಕ್ಕೆ ಯಾರಿಗೂ ಕಾನೂನಿನಲ್ಲಿ ಸಮಾನ ಹಕ್ಕು ನಿರಾಕರಿಸಬಾರದು ಅಂತ. ಇದಕ್ಕೆ ಯಾರು ಬೇಡ ಅಂತಾರೆ? ಕೆಳಮನೆಯಲ್ಲಿ 354 ಮತ ಪರ, 24 ವಿರೋಧ. 1972ರ ಮಾರ್ಚ್ 22ರಂದು ಸೆನೆಟ್‌ನಲ್ಲಿ 84 ಪರ, 8 ವಿರೋಧ. ಹವಾಯಿ ಅದೇ ದಿನ ಅನುಮೋದನೆ ಕೊಟ್ಟಿತು. ಒಂದು ವರ್ಷದೊಳಗೆ 30 ರಾಜ್ಯಗಳು ಒಪ್ಪಿದವು. ಬೇಕಿದ್ದಿದ್ದು 38. ಎರಡೂ ಪಕ್ಷ ಒಂದಾಗಿದ್ದವು, ಅಧ್ಯಕ್ಷ ನಿಕ್ಸನ್ ಬೆಂಬಲ ಇತ್ತು. ಯಾವ ಸ್ಟುಡಿಯೋದಲ್ಲಿ ಕೂತಿದ್ದರೂ ನಾನು ಆ ರಾತ್ರಿ ‘ಇನ್ನೇನು ಆಗೇಹೋಯ್ತು’ ಅಂತಾನೇ ಬ್ರೇಕಿಂಗ್ ಹಾಕ್ತಿದ್ದೆ.

ತಮಾಷೆ ಅಂದ್ರೆ, ಶ್ಲಾಫ್ಲಿಗೆ ಈ ವಿಷಯದಲ್ಲಿ ಆಸಕ್ತಿಯೇ ಇರಲಿಲ್ಲ. ಆಕೆಯ ಆಸಕ್ತಿ ಅಣ್ವಸ್ತ್ರ, ಕ್ಷಿಪಣಿ, ಸೋವಿಯತ್ ಒಕ್ಕೂಟ. ನಿವೃತ್ತ ನೌಕಾಧಿಕಾರಿಯೊಬ್ಬರ ಜೊತೆ ರಕ್ಷಣಾ ನೀತಿಯ ಮೇಲೆ ದಪ್ಪ ದಪ್ಪ ಪುಸ್ತಕ ಬರೆದಾಕೆ. 1971ರ ಕೊನೆಗೆ ಗೆಳತಿಯೊಬ್ಬಳು ಈ ತಿದ್ದುಪಡಿ ಬಗ್ಗೆ ಚರ್ಚೆಗೆ ಕರೆದಾಗಲೂ, ರಕ್ಷಣೆ ಬಗ್ಗೆ ಮಾತಾಡ್ತೀನಿ ಅಂದಿದ್ದರಂತೆ. ಆಮೇಲೆ ಕಾಗದ ತರಿಸಿ ಓದಿದರು. 1972ರ ಫೆಬ್ರವರಿ ಸಂಚಿಕೆಯಲ್ಲಿ, ಹೆಂಗಸರಿಗೆ ಸಮಾನ ಹಕ್ಕು ಅನ್ನೋದರಲ್ಲಿ ತಪ್ಪೇನಿದೆ ಅನ್ನೋ ಶೀರ್ಷಿಕೆ ಹಾಕಿ ಬರೆದರು. ಅದೇ ವರ್ಷ ‘ಸ್ಟಾಪ್ ಇ.ಆರ್.ಎ.’ ಅನ್ನೋ ಸಂಘಟನೆ. ಆ ‘ಸ್ಟಾಪ್’ ಅನ್ನೋ ನಾಲ್ಕು ಅಕ್ಷರಕ್ಕೆ ಆಕೆ ಕೊಟ್ಟ ವಿಸ್ತರಣೆ, ನಮ್ಮ ಸವಲತ್ತು ಕಿತ್ಕೊಳ್ಳೋದನ್ನ ನಿಲ್ಲಿಸಿ ಅಂತ.

ಯಾವ ಸವಲತ್ತು? ಇಲ್ಲೇ ಆಕೆಯ ಜಾಣತನ ಇರೋದು. ವಿಯೆಟ್ನಾಂ ಯುದ್ಧ ನಡೀತಿದೆ, ಮನೆಮನೆಯಿಂದ ಹುಡುಗರನ್ನ ಕಡ್ಡಾಯವಾಗಿ ಸೈನ್ಯಕ್ಕೆ ಕರೀತಿದ್ದಾರೆ. ಸಮಾನತೆ ಬಂದರೆ ನಿಮ್ಮ ಮಗಳನ್ನೂ ಕರೀತಾರೆ, ಒಪ್ಪಿಗೆನಾ? ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಡತಿಯನ್ನ ಸಾಕೋ ಹೊಣೆ ಗಂಡನಿಗಿದೆ. ನಾಳೆ ಅದೂ ಸಮಾನ ಆದರೆ ಐವತ್ತನೇ ವಯಸ್ಸಿಗೆ ನೀವೆಲ್ಲಿ ಕೆಲಸ ಹುಡುಕ್ತೀರಿ? ವಿಧವೆಯ ಪಿಂಚಣಿ ಏನಾಗುತ್ತೆ? ಇದರಲ್ಲಿ ಎಷ್ಟೋ ಉತ್ಪ್ರೇಕ್ಷೆ. ಕಾನೂನು ಬಲ್ಲವರು ಆಗಲೇ ಹೇಳಿದ್ದರು, ಒಟ್ಟಿಗೆ ಸಂಸಾರ ಮಾಡ್ತಿರೋ ಗಂಡನಿಂದ ಕೋರ್ಟಿಗೆ ಹೋಗಿ ಮನೆಖರ್ಚು ವಸೂಲಿ ಮಾಡೋದು ಕಾಗದದ ಮೇಲಿನ ಮಾತು ಅಂತ. ಆದರೆ ಆ ಭಯ ಉತ್ಪ್ರೇಕ್ಷೆ ಅಲ್ಲ. ನಲವತ್ತೈದರ ಗೃಹಿಣಿ, ಕೈಯಲ್ಲಿ ಸಂಬಳ ಇಲ್ಲ, ಡಿಗ್ರಿ ಇದ್ದರೂ ತುಕ್ಕು ಹಿಡಿದಿದೆ. ಟಿವಿ ಹಾಕಿದರೆ ಮನೆ ಅಂದ್ರೆ ಸೆರೆಮನೆ ಅಂತ ಯಾರೋ ಮಾತಾಡ್ತಿದ್ದಾರೆ. ‘ನಾನು ಬದುಕಿದ್ದೆಲ್ಲ ದಂಡವಾ?’ ಅಂತ ಆಕೆಗೆ ಅನಿಸಲ್ವಾ? ಆ ಹೊತ್ತಲ್ಲಿ ಮುತ್ತಿನ ಸರ ಹಾಕಿಕೊಂಡು, ಕೂದಲು ಎತ್ತಿ ಕಟ್ಟಿಕೊಂಡು, ನಗುನಗುತ್ತಾ ಒಬ್ಬಾಕೆ ಬಂದು ‘ನೀನು ಮಾಡಿದ್ದೇ ಸರಿ ಕಣಮ್ಮ’ ಅಂದರೆ?

ಇಂಜಿನಿಯರಿಂಗ್ ಓದಿದವಳು ನಾನು, ಲೆಕ್ಕ ಮಾಡದೆ ಇರೋಕಾಗಲ್ಲ. 50 ರಾಜ್ಯದಲ್ಲಿ 38 ಬೇಕು ಅಂದ್ರೆ, ತಡೆಯೋಕೆ ಎಷ್ಟು ಸಾಕು? 13. ದೇಶ ಗೆಲ್ಲಬೇಕಿಲ್ಲ, ಅಭಿಪ್ರಾಯ ಸಂಗ್ರಹದಲ್ಲಿ ಬಹುಮತ ಬೇಕಿಲ್ಲ. ಸಮೀಕ್ಷೆಗಳಲ್ಲಿ ಹೆಚ್ಚಿನ ಜನ ತಿದ್ದುಪಡಿಯ ಪರವಾಗೇ ಇದ್ದರು. ಹದಿಮೂರು ಶಾಸನಸಭೆಗಳು ಸುಮ್ಮನೆ ಕೂತರೆ ಮುಗೀತು. ಶ್ಲಾಫ್ಲಿ ಆ ಹದಿಮೂರರ ಬೆನ್ನು ಬಿದ್ದರು. ಒಬ್ಬಾಕೆ ಕೆಲವರಿಗೆ ಫೋನ್ ಮಾಡಬೇಕು, ಅವರು ಇನ್ನು ಕೆಲವರಿಗೆ; ವಾಟ್ಸಾಪ್ ಇಲ್ಲದ ಕಾಲದ ವಾಟ್ಸಾಪ್ ಗ್ರೂಪ್ ಅದು. ಇಲಿನಾಯ್ ಶಾಸಕರ ಟೇಬಲ್ಲಿಗೆ ಮನೆಯಲ್ಲೇ ಸುಟ್ಟ ಬ್ರೆಡ್ಡು, ಜಾಮ್ ತಗೊಂಡು ಹೋದರು. ದುಡಿದು ತರೋರಿಗೆ ಬೇಯಿಸಿ ಹಾಕೋರಿಂದ, ಅನ್ನೋ ಅರ್ಥದ ಚೀಟಿ ಅದರ ಮೇಲೆ. ಸಮಿತಿ ಮುಂದೆ ಹೇಗೆ ಮಾತಾಡಬೇಕು, ಕ್ಯಾಮೆರಾ ಮುಂದೆ ಯಾವ ಬಣ್ಣ ಉಡಬೇಕು, ಎದುರಾಳಿ ಕೂಗಿದಾಗ ಹೇಗೆ ನಗಬೇಕು ಅಂತ ಗೃಹಿಣಿಯರಿಗೆ ತರಬೇತಿ ಶಿಬಿರ ಮಾಡಿದರು. ಈ ವೃತ್ತಿಗೆ ಬಂದಾಗ ನನಗೂ ಯಾರೂ ಇಷ್ಟು ಹೇಳಿಕೊಡಲಿಲ್ಲ.

ಟಿವಿ ಅನ್ನೋದು ಆಕೆಗೆ ನೀರು ಕುಡಿದಷ್ಟು ಸುಲಭ. ಸಿಬಿಎಸ್ ರೇಡಿಯೋದಲ್ಲಿ ವ್ಯಾಖ್ಯಾನ, ಪತ್ರಿಕೆಗಳಲ್ಲಿ ಅಂಕಣ, ಆಮೇಲೆ ಆಗಷ್ಟೇ ಹುಟ್ಟಿದ್ದ ಸಿಎನ್‌ಎನ್‌ನಲ್ಲಿ. ಭಾಷಣ ಶುರು ಮಾಡೋವಾಗ, ಇಲ್ಲಿಗೆ ಬರೋಕೆ ಬಿಟ್ಟಿದ್ದಕ್ಕೆ ನನ್ನ ಗಂಡ ಫ್ರೆಡ್‌ಗೆ ಥ್ಯಾಂಕ್ಸ್ ಅನ್ನೋರು. ಸ್ತ್ರೀವಾದಿಗಳಿಗೆ ಉರಿಯಲಿ ಅಂತಾನೇ ಹಾಗನ್ನೋದು ಅಂತ ಆಕೆಯೇ ಹೇಳಿಕೊಂಡಿದ್ದಾರೆ. ಅವರಿಗೆ ಉರೀತಿತ್ತು ಕೂಡ. 1973ರಲ್ಲಿ ಇಲಿನಾಯ್‌ನ ಒಂದು ಚರ್ಚೆಯಲ್ಲಿ, ಸ್ತ್ರೀವಾದಿ ಚಳವಳಿಯ ದೊಡ್ಡ ಹೆಸರು ಬೆಟ್ಟಿ ಫ್ರೀಡನ್ ತಾಳ್ಮೆ ಕಳಕೊಂಡು, ನಿನ್ನನ್ನ ಕಂಬಕ್ಕೆ ಕಟ್ಟಿ ಸುಡಬೇಕು ಅನಿಸ್ತಿದೆ ಅಂದುಬಿಟ್ಟರು. ಶ್ಲಾಫ್ಲಿ ಸಿಟ್ಟಾಗಲಿಲ್ಲ. ಹಾಗಂದಿದ್ದು ಒಳ್ಳೆಯದಾಯ್ತು, ಇವರು ಎಂಥವರು ಅಂತ ಜನಕ್ಕೆ ಗೊತ್ತಾಯ್ತು ಅಂದರು. ಅಷ್ಟೇ. ಚರ್ಚೆ ಮುಗಿದಂತೆ. ದಿನಾ ರಾತ್ರಿ ಒಂಬತ್ತಕ್ಕೆ ನನ್ನ ಎದುರು ಮೇಜು ಕುಟ್ಟೋರನ್ನ ನೋಡುವಾಗ ಈ ಪ್ರಸಂಗ ನೆನಪಾಗುತ್ತೆ. 1977ರಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಒಬ್ಬ ಆಕೆಯ ಮುಖಕ್ಕೇ ಆ್ಯಪಲ್ ಪೈ ರಾಚಿದ. ಅವನು ಏನು ಸಾಧಿಸಿದನೋ ಗೊತ್ತಿಲ್ಲ.

ಇಷ್ಟೆಲ್ಲ ಗಲಾಟೆ ಮಧ್ಯೆ ಈಕೆ ಕಾನೂನು ಕಾಲೇಜು ಸೇರಿದರು! ಹೋರಾಟದ ಕಾವು ಏರಿದ್ದ 1975ರಲ್ಲಿ ಸೇರಿ, 1978ರಲ್ಲಿ ಪದವಿ ಪಡೆದರು, ಅದೇ ವಾಷಿಂಗ್ಟನ್ ಯೂನಿವರ್ಸಿಟಿಯಿಂದ. ವಯಸ್ಸು ಐವತ್ತು ದಾಟಿತ್ತು. ಕಾನೂನು ಗೊತ್ತಿಲ್ಲದವಳ ಮಾತು ಅಂತ ಇನ್ನು ಯಾರೂ ಬಾಯಿ ಮುಚ್ಚಿಸಬಾರದು ಅನ್ನೋ ಹಟ ಇರಬಹುದು, ಇದು ನನ್ನ ಊಹೆ. ಮಗಳ ವಯಸ್ಸಿನವರ ಜೊತೆ ಬೆಂಚಲ್ಲಿ ಕೂತು ಪರೀಕ್ಷೆ ಬರೆದಾಕೆ, ಹೊರಗೆ ಬಂದು ಹೆಂಗಸರಿಗೆ ಹೇಳ್ತಿದ್ದಿದ್ದು ಮಾತ್ರ ಅಡುಗೆಮನೆಯ ಸುಖದ ಬಗ್ಗೆ.

ತಿದ್ದುಪಡಿಗೆ ಇದ್ದ ಗಡುವು 1979. ಅದನ್ನ 1982ರ ಜೂನ್ 30ರವರೆಗೆ ವಿಸ್ತರಿಸಿದರು. ಕೊನೇ ವಾರಗಳಲ್ಲಿ ಇಲಿನಾಯ್ ರಾಜಧಾನಿಯಲ್ಲಿ ಕೆಲವು ಹೆಂಗಸರು 37 ದಿನ ಉಪವಾಸ ಕೂತರು. ನಮ್ಮ ಕಡೆಯ ಉಪವಾಸ ಸತ್ಯಾಗ್ರಹದ ಹಾಗೆ. ಶಾಸಕರು ಕರಗಲಿಲ್ಲ. ಗಡುವು ಮುಗಿದಾಗ ಲೆಕ್ಕ 35. ಬರೀ ಮೂರು ರಾಜ್ಯ ಕಡಿಮೆ. ಕೊಟ್ಟಿದ್ದ ಒಪ್ಪಿಗೆಯನ್ನ ವಾಪಸ್ ತಗೊಂಡ ರಾಜ್ಯಗಳೂ ಇದ್ದವು. 1940ರಿಂದ ಈ ತಿದ್ದುಪಡಿಗೆ ಬೆಂಬಲ ಕೊಡ್ತಾ ಬಂದಿದ್ದ ರಿಪಬ್ಲಿಕನ್ ಪಕ್ಷ 1980ರಲ್ಲಿ ಅದನ್ನ ತನ್ನ ಪ್ರಣಾಳಿಕೆಯಿಂದಲೇ ಕೈಬಿಟ್ಟಿತು. ಆ ಪಕ್ಷವನ್ನ ಇವತ್ತಿನ ರೂಪಕ್ಕೆ ತಂದವರ ಪಟ್ಟಿಯಲ್ಲಿ ರೇಗನ್ ಹೆಸರು ಎಲ್ಲರೂ ಹೇಳ್ತಾರೆ. ಶ್ಲಾಫ್ಲಿ ಹೆಸರು ಅಷ್ಟು ಕೇಳಲ್ಲ.

ಇಲ್ಲಿ ನಮ್ಮ ಸಂವಿಧಾನದ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಸಮಾನತೆ ಬಂದರೆ ರಕ್ಷಣೆ ಹೋಗುತ್ತೆ ಅನ್ನೋದು ಶ್ಲಾಫ್ಲಿಯ ಇಡೀ ವಾದ. ನಮ್ಮವರು 1950ರಲ್ಲೇ ಇದನ್ನ ಬಿಡಿಸಿದ್ದರು. 15ನೇ ವಿಧಿಯ ಮೊದಲ ಖಂಡ, ಲಿಂಗದ ಆಧಾರದಲ್ಲಿ ಸರ್ಕಾರ ತಾರತಮ್ಯ ಮಾಡಬಾರದು ಅನ್ನುತ್ತೆ. ಅದೇ ವಿಧಿಯ ಮೂರನೇ ಖಂಡ, ಹೆಂಗಸರಿಗೆ ಮತ್ತು ಮಕ್ಕಳಿಗೆ ವಿಶೇಷ ಅವಕಾಶ ಮಾಡಿಕೊಡೋದಕ್ಕೆ ಇದು ಅಡ್ಡಿ ಅಲ್ಲ ಅನ್ನುತ್ತೆ. ಎರಡೂ ಒಂದೇ ಪುಟದಲ್ಲಿ. ಅಮೆರಿಕನ್ನರು ಹತ್ತು ವರ್ಷ ಬಡಿದಾಡಿದ್ದು ಇದಕ್ಕೆ.

ಆಕೆಯ ಬಗ್ಗೆ ಒಳ್ಳೆಯದನ್ನೇ ಹೇಳ್ತಾ ಕೂರೋಕೂ ಆಗಲ್ಲ. 2007ರಲ್ಲಿ ಕಾಲೇಜೊಂದರ ಭಾಷಣದಲ್ಲಿ ಆಕೆ, ಮದುವೆಯಾದಾಗಲೇ ಹೆಂಗಸು ಒಪ್ಪಿಗೆ ಕೊಟ್ಟಂತೆ, ಹಾಗಾಗಿ ಗಂಡನ ವಿಷಯದಲ್ಲಿ ಅತ್ಯಾಚಾರ ಅನ್ನೋ ಮಾತೇ ಬರಲ್ಲ ಅಂದರು. ವಕೀಲೆಯೊಬ್ಬರ ಬಾಯಲ್ಲಿ ಬಂದ ಮಾತಿದು. 2022ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಗಂಡನೊಬ್ಬನ ಮೇಲಿನ ಇಂಥದ್ದೇ ಆರೋಪವನ್ನ ರದ್ದು ಮಾಡೋಕೆ ಒಪ್ಪಲಿಲ್ಲ. ಆ ತೀರ್ಪು ಓದಿದ ದಿನ ನಾನು ಡೆಸ್ಕಿನಲ್ಲಿದ್ದೆ. ಶ್ಲಾಫ್ಲಿಯ ಜೊತೆ ನನಗೆ ರಾಜಿ ಸಾಧ್ಯವೇ ಇಲ್ಲದ ಜಾಗ ಇದು. 2008ರಲ್ಲಿ ಅದೇ ವಾಷಿಂಗ್ಟನ್ ಯೂನಿವರ್ಸಿಟಿ ಗೌರವ ಡಾಕ್ಟರೇಟ್ ಕೊಟ್ಟಾಗ, ನೂರಾರು ವಿದ್ಯಾರ್ಥಿಗಳು ಎದ್ದು ನಿಂತು ವೇದಿಕೆಗೆ ಬೆನ್ನು ತಿರುಗಿಸಿದರು. ಆಕೆ ಆಗಲೂ ಮುಗುಳ್ನಗುತ್ತಲೇ ಇದ್ದರು ಅಂದುಕೊಳ್ತೀನಿ.

ಆದರೆ ಆಕೆಯ ಜೀವನದ ಒಂದು ಪ್ರಸಂಗ ನನ್ನನ್ನ ಬಿಡಲ್ಲ. 1982, ಸ್ಟ್ಯಾನ್‌ಫರ್ಡ್ ಕಾನೂನು ಶಾಲೆ. ಶ್ಲಾಫ್ಲಿ ಎದುರು ಚರ್ಚೆಗೆ ನಿಂತವರು ಕ್ಯಾಥರೀನ್ ಮೆಕಿನನ್, ಸ್ತ್ರೀವಾದಿ ಕಾನೂನು ಪಂಡಿತೆ, ಆಗ ಮೂವತ್ತರ ಹರೆಯ. ಈಕೆ ಕೂಗಲಿಲ್ಲ, ಸುಡ್ತೀನಿ ಅನ್ನಲಿಲ್ಲ. ಶ್ಲಾಫ್ಲಿಯ ಬಯೋಡೇಟಾ ಓದಿದರು. ಕಾನೂನು ಪದವಿ, ರಾಜ್ಯಶಾಸ್ತ್ರದಲ್ಲಿ ಉನ್ನತ ಪದವಿ, ಒಂಬತ್ತು ಪುಸ್ತಕ, ದಶಕಗಳ ಪಕ್ಷದ ಕೆಲಸ. ಇಡೀ ದೇಶ ಒಪ್ಪಿದ್ದ ತಿದ್ದುಪಡಿಯನ್ನ ಗೆಲುವಿನ ಹೊಸ್ತಿಲಲ್ಲಿ ತಡೆದು ನಿಲ್ಲಿಸಿದ ಸಂಘಟನೆ. ಇಷ್ಟು ಮಾಡಿದ ಗಂಡಸೊಬ್ಬ ಇದ್ದಿದ್ದರೆ ರೇಗನ್ ಸರ್ಕಾರದಲ್ಲಿ ಅವನಿಗೊಂದು ಸ್ಥಾನ ಇರ್ತಿತ್ತು. ರಕ್ಷಣಾ ಇಲಾಖೆಯಲ್ಲಿ ಹುದ್ದೆ ಸಿಗೋಕೆ ಈಕೆಗೆ ಎಲ್ಲ ಅರ್ಹತೆ ಇದೆ. ಹಾಗಿದ್ದರೂ ಕೊಟ್ಟಿಲ್ಲ. ನೀವು ಹೆಂಗಸು ಅನ್ನೋ ಕಾರಣಕ್ಕೇ ನಿಮಗೆ ಅನ್ಯಾಯ ಆಯ್ತಾ, ಮಿಸೆಸ್ ಶ್ಲಾಫ್ಲಿ?

ಮುಂದೆ 1985ರಲ್ಲಿ ರೇಗನ್ ಆಕೆಯನ್ನ ಸಂವಿಧಾನದ ಇನ್ನೂರನೇ ವರ್ಷದ ಆಚರಣಾ ಆಯೋಗಕ್ಕೆ ಸದಸ್ಯೆ ಮಾಡಿದರು. ಆಚರಣಾ ಆಯೋಗ! ಕ್ಷಿಪಣಿ ಬಗ್ಗೆ ಎಂಟುನೂರು ಪುಟ ಬರೆಯಬಲ್ಲಾಕೆಗೆ ಸಿಕ್ಕಿದ್ದು ಸಮಾರಂಭದ ಕೆಲಸ. ನ್ಯೂಸ್‌ರೂಮಿನಲ್ಲಿ ಬಜೆಟ್ ದಿನ ಗಂಡಸರು ಕೂತು, ಸಂಕ್ರಾಂತಿ ವಿಶೇಷಕ್ಕೆ ‘ನೀವು ಮಾಡಿ ಮೇಡಂ, ನಿಮಗೆ ಚೆನ್ನಾಗಿ ಒಪ್ಪುತ್ತೆ’ ಅನ್ನಿಸಿಕೊಂಡವರಿಗೆ ಇದರ ರುಚಿ ಗೊತ್ತಿರುತ್ತೆ.

92ನೇ ವಯಸ್ಸಲ್ಲೂ ಆಕೆ ಸುಮ್ಮನೆ ಕೂರಲಿಲ್ಲ. 2016ರಲ್ಲಿ ಟ್ರಂಪ್‌ಗೆ ಬೆಂಬಲ ಕೊಟ್ಟರು. ಅದಕ್ಕೆ ಆಕೆಯದೇ ಸಂಘಟನೆ ‘ಈಗಲ್ ಫೋರಂ’ ಒಡೆದು, ಸ್ವಂತ ಮಗಳೇ ಎದುರು ಬಣದಲ್ಲಿ ನಿಂತಳು. ಸೆಪ್ಟೆಂಬರ್ 5ರಂದು ತೀರಿಕೊಂಡರು. ಟ್ರಂಪ್ ಪರ ಬರೆದ ಪುಸ್ತಕ ಮರುದಿನ ಬಿಡುಗಡೆ ಆಯ್ತು. ಅಂತ್ಯಕ್ರಿಯೆಯಲ್ಲಿ ಟ್ರಂಪ್ ಬಂದು ಮಾತಾಡಿದರು. ಎರಡು ತಿಂಗಳಲ್ಲಿ ಅವರು ಅಧ್ಯಕ್ಷರಾಗಿ ಗೆದ್ದರು. ಆಮೇಲೆ ನೆವಾಡ, ಈಕೆಯ ಇಲಿನಾಯ್, ಕೊನೆಗೆ 2020ರಲ್ಲಿ ವರ್ಜೀನಿಯಾ ಒಪ್ಪಿ 38 ತುಂಬಿತು. ಗಡುವು ಮುಗಿದು ಎಷ್ಟೋ ವರ್ಷ ಆಗಿತ್ತು. 2025ರ ಜನವರಿಯಲ್ಲಿ, ಅಧಿಕಾರ ಬಿಡೋಕೆ ಮೂರು ದಿನ ಮುಂಚೆ, ಬೈಡನ್ ಈ ತಿದ್ದುಪಡಿ ಜಾರಿಯಲ್ಲಿದೆ ಅಂತ ನಂಬ್ತೀನಿ ಅಂದರು. ದಾಖಲೆ ಇಲಾಖೆ ಅದನ್ನ ಪ್ರಕಟಿಸಲಿಲ್ಲ.

ಈ ಕಥೆಯನ್ನ ನಿನ್ನೆ ಅಮ್ಮನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಈಯಮ್ಮ ಊರೂರು ಸುತ್ತುವಾಗ ಆರು ಮಕ್ಕಳಿಗೆ ಊಟ ಯಾರು ಹಾಕ್ತಿದ್ರು?’ ಮನೆಕೆಲಸಕ್ಕೆ ಜನ ಇದ್ದರು ಅಂದೆ. ‘ಅವರ ಹೆಸರು ಏನಂತೆ?’ ಅಂದಳು. ನಾನು ಓದಿದ್ದರಲ್ಲಿ ಎಲ್ಲೂ ಇರಲಿಲ್ಲ.

ಫೋನ್ ಲೈನ್‌ಗಳು ಈಗ ತೆರೆದಿವೆ. ಮೂರು ದಿನದ ಹಿಂದೆ ಕರೆ ಮಾಡಿ ‘ಸುಮ್ನೆ ಮನೇಲೇ ಇದೀನಿ’ ಅಂದಿದ್ದ ಆ ಅಮ್ಮ ನೋಡ್ತಾ ಇದ್ದರೆ, ದಯವಿಟ್ಟು ಇನ್ನೊಂದು ಸಲ ಮಾಡಿ. ಬೆಳಗ್ಗೆ ಎಷ್ಟು ಗಂಟೆಗೆ ಏಳ್ತೀರಿ ಅನ್ನೋದರಿಂದ ಶುರು ಮಾಡೋಣ. ಈ ಸಲ ನಾನು ಬ್ರೇಕ್ ತಗೊಳ್ಳಲ್ಲ.